ಮುಗಿಯದ ಧಾರಾವಾಹಿಯ ಶಿಫಾರಸು

"ಒಳ್ಳೆಯ ಧಾರಾವಾಹಿ ಯಾವುದಿದೆ, ಹೇಳಿ" ಎಂದು ಯಾರಾದರೂ ಕೇಳಿದರೆ ನಾನು ಕಿವಿ ಕೇಳಿಸದವನಂತೆ ನಟಿಸುತ್ತೇನೆ. ಈಗ ಒಂದು ಕಿವಿ ನಿಜವಾಗಿಯೂ ಕೇಳಿಸುವುದಿಲ್ಲವಾದ್ದರಿಂದ ಅರ್ಧ ನಟಿಸಿದರೆ ಸಾಕು. ಸಂಜೆಯಾದರೆ ನಮ್ಮ ಮನೆಯ ಗೇಟಿನ ಈಚೆ ಇಬ್ಬರು, ಆಚೆ ಇಬ್ಬರು ನಿಂತು ಹಿಂದಿನ ದಿನ ಟೀವಿಯಲ್ಲಿ ಬಂದದ್ದರ ವಿಚಾರಣೆ ನಡೆಸುತ್ತಾರೆ. ಆ ಸೊಸೆ ಹಾಗೆ ಬಾಗಿಲು ಹಾಕಿಕೊಂಡದ್ದು ಸರಿಯೇ, ಮೈದುನ ಮೊದಲೇ ಬಾಯಿ ಬಿಡಬಾರದಿತ್ತೇ ಎಂದು ತೀರ್ಪು ಕೊಟ್ಟು, ಕೊನೆಗೆ ನನ್ನ ಕಡೆ ತಿರುಗಿ, "ನೀವು ಇದನ್ನ ನೋಡಲೇಬೇಕು ಸಾರ್" ಎನ್ನುತ್ತಾರೆ. "ಅದು ಮುಗಿದಿದೆಯೇ?" ಎನ್ನುತ್ತೇನೆ ನಾನು. "ಎಲ್ಲಿ ಸಾರ್, ಈಗ ರಂಗೇರ್ತಿದೆ!" ಹಾಗಾದರೆ ಬೇಡ ಎಂದು ಒಳಗೆ ಬಂದುಬಿಡುತ್ತೇನೆ. ಮುದುಕನಿಗೆ ಜಂಬ ಎಂದು ಅವರು ಅಂದುಕೊಂಡಿರಬೇಕು. ಜಂಬವಲ್ಲ, ಭಯ. ಮುಗಿಯದ ಧಾರಾವಾಹಿಯೊಂದನ್ನು ಹಿಂದೆ ಒಮ್ಮೆ ನಾನು ನನ್ನ ತಾಯಿಗೆ ಶಿಫಾರಸು ಮಾಡಿದ್ದೆ. ಅದರಿಂದ ನನ್ನ ಅಕ್ಕನ ಬದುಕು ಕೂದಲೆಳೆಯಲ್ಲಿ ತೂಗಾಡಿತು.

ಐವತ್ತರ ದಶಕ ಮುಗಿದು ಅರವತ್ತು ಆಗತಾನೇ ಕಾಲಿಟ್ಟ ಕಾಲ. ಟೀವಿಯ ಹೆಸರನ್ನೂ ನಾವು ಕೇಳಿರಲಿಲ್ಲ. ಧಾರಾವಾಹಿ ಎಂದರೆ ವಾರಪತ್ರಿಕೆಯಲ್ಲಿ ಬರುವ ಕಾದಂಬರಿ. ಮನೆ ಬಂಗಾರಪೇಟೆಯಲ್ಲಿ, ಸ್ಟೇಷನ್ನಿನಿಂದ ನಾಲ್ಕು ಫರ್ಲಾಂಗು. ಕೆಲಸ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ. ಯಾರು ಎಷ್ಟು ಹೊತ್ತಿಗೆ ಭೂಮಿಯೊಳಗೆ ಇಳಿದರು, ಎಷ್ಟು ಹೊತ್ತಿಗೆ ಮೇಲೆ ಬಂದರು ಎಂದು ಬರೆದಿಡುವುದು ನನ್ನ ಉದ್ಯೋಗ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ಗುರುವಾರ ಸಂಜೆ ಪತ್ರಿಕೆಯ ಕಟ್ಟು ಬೆಂಗಳೂರಿನಿಂದ ಬಂದಿಳಿಯುತ್ತಿತ್ತು. ಶುಕ್ರವಾರ ಬೆಳಿಗ್ಗೆ ನಮ್ಮ ರೈಲು ಡಬ್ಬಿಯಲ್ಲಿ ನ್ಯಾಯಾಲಯ ಸೇರುತ್ತಿತ್ತು.

ಆ ನ್ಯಾಯಾಲಯವನ್ನು ನೀವು ನೋಡಬೇಕಿತ್ತು. ಕನ್ನಡ ಓದುವವರು ನಾಲ್ಕೈದು ಜನ, ಕೇಳುವವರು ನಲವತ್ತು ಜನ. ಕಥೆ ಕನ್ನಡದಲ್ಲಿ ಹೊರಟು, ಕಿಟಕಿಯ ಪಕ್ಕ ಕುಳಿತವರ ಬಳಿ ತೆಲುಗಾಗಿ, ಬಾಗಿಲ ಬಳಿ ನಿಂತವರನ್ನು ಮುಟ್ಟುವ ಹೊತ್ತಿಗೆ ತಮಿಳಾಗಿರುತ್ತಿತ್ತು. "ತರ್ವಾತ ಏಮೈಂದಿ?" ಎಂದು ಒಬ್ಬ, "ಅಪ್ಪುರಂ ಎನ್ನಾಚ್ಚು?" ಎಂದು ಇನ್ನೊಬ್ಬ. ಮುಂದೇನಾಯಿತು ಎಂಬ ಪ್ರಶ್ನೆ ಮಾತ್ರ ಮೂರು ಭಾಷೆಯಲ್ಲೂ ಒಂದೇ ಅವಸರದ್ದು. ಊರಿಗಾಂ ಸ್ಟೇಷನ್ ಬರುವಷ್ಟರಲ್ಲಿ ಕನ್ನಡದ ನಾಯಕ ತಮಿಳಿನಲ್ಲಿ ಎರಡು ಪೆಟ್ಟು ಹೆಚ್ಚಿಗೆ ಹೊಡೆದಿರುತ್ತಿದ್ದ. ನಮ್ಮ ಆಲಂಕಾರಿಕರು ರಸವು ಕೇಳುಗನ ಹೃದಯದಲ್ಲಿ ಹುಟ್ಟುತ್ತದೆ ಎಂದು ಗ್ರಂಥಗಟ್ಟಲೆ ವಾದಿಸಿದ್ದಾರೆ. ಅವರಿಗೆ ನಮ್ಮ ರೈಲಿನ ಟಿಕೆಟ್ಟು ಒಂದನ್ನು ತೆಗೆಸಿಕೊಟ್ಟಿದ್ದರೆ ಅಷ್ಟು ಶ್ರಮ ಪಡಬೇಕಾಗಿರಲಿಲ್ಲ. ಅಭಿಪ್ರಾಯ ಹೇಳುವುದಕ್ಕೆ ಓದಿರಬೇಕೆಂಬ ನಿಯಮವೂ ಅಲ್ಲಿರಲಿಲ್ಲ. ಬಿಗಿಯಾದ ಅಭಿಪ್ರಾಯ ಬೇಕಾದರೆ ಓದದೆ ಇರುವುದೇ ಒಳ್ಳೆಯದು ಎಂದು ನನಗೆ ಅಲ್ಲೇ ತಿಳಿದದ್ದು.

ಈಗ ಮನೆಯ ವಿಷಯ. ಮನೆಯಲ್ಲಿ ನಾವು ಮೂವರು. ಅಮ್ಮ, ಅಕ್ಕ ರತ್ನ, ನಾನು. ಅಪ್ಪ ನಾನು ಶಾಲೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಅಕ್ಕನನ್ನು ಗಣಿಯೊಳಗೆ ಕೆಲಸ ಮಾಡುವವನೊಬ್ಬನಿಗೆ ಕೊಟ್ಟಿದ್ದೆವು. ಒಳ್ಳೆಯವನು, ಹಾಡುತ್ತಿದ್ದ. ಮದುವೆಯಾದ ಎರಡನೆಯ ವರ್ಷ ಏರ್‌ಬ್ಲಾಸ್ಟ್ ಆಯಿತು. ಆಳದಲ್ಲಿ ಬಂಡೆ ಸಿಡಿಯುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಚಾಂಪಿಯನ್ನಿನ ಮನೆಗಳಲ್ಲಿ ಪಾತ್ರೆಗಳು ಅಲುಗಾಡಿದವು, ಗಣಿಯ ಸಂಗು, ಅಂದರೆ ಸೈರನ್ನು, ಕೂಗಿತು. ಸಂಗು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಹೆಂಗಸರೆಲ್ಲ ಗಣಿಯ ಗೇಟಿಗೆ ಓಡುತ್ತಿದ್ದರು. ಅಕ್ಕನೂ ಓಡಿದಳು. ಮೂರು ದಿನ ಅಲ್ಲೇ ಕುಳಿತಿದ್ದಳು. ಅವನು ಒಳಗೆ ಇಳಿದ ಹೊತ್ತು ನನ್ನ ಪುಸ್ತಕದಲ್ಲಿತ್ತು, ಮೇಲೆ ಬಂದ ಹೊತ್ತಿನ ಜಾಗ ಖಾಲಿ ಉಳಿಯಿತು. ಇಪ್ಪತ್ತೊಂದು ವರ್ಷದ ಅಕ್ಕ ನಮ್ಮ ಮನೆಗೆ ವಾಪಸು ಬಂದಳು.

ಅದಾಗಿ ನಾಲ್ಕು ವರ್ಷದ ಮೇಲೆ ನನ್ನ ಸ್ನೇಹಿತ ನಾರಾಯಣಪ್ಪ ಅವಳನ್ನು ಮದುವೆಯಾಗುತ್ತೇನೆಂದ. ಅವನು ಬೇತಮಂಗಲದ ಕೆರೆಯ ನೀರನ್ನು ಗಣಿಗೆ ಕಳಿಸುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಕಡಿಮೆ ಮಾತಿನವನು. ಅಕ್ಕನನ್ನು ಕೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆಯೇ, "ಅವ್ರು ಭೂಮಿ ಮ್ಯಾಲೆ ಕೆಲ್ಸ ಮಾಡೋರು ತಾನೆ?" ಎಂದಳು. ಹೌದೆಂದೆ. "ಅಮ್ಮ ಒಪ್ಪುದ್ರೆ ನಂಗೇನಿಲ್ಲ" ಎಂದಳು. ಆಮೇಲೆ ಮೊರ ಬಹಳ ಹೊತ್ತು ಒಂದೇ ಜಾಗದಲ್ಲಿ ಅಲುಗಾಡುತ್ತಿತ್ತು.

ಅಮ್ಮನನ್ನು ಕೇಳುವುದು ಹೇಗೆ? ನಮ್ಮವರಲ್ಲಿ ಹಿಂದೆ ಕೂಡಿಕೆ ಎಂಬ ಪದ್ಧತಿ ಇತ್ತಂತೆ. ಗಂಡ ಸತ್ತವಳಿಗೆ ಸೀರೆ ಕೊಟ್ಟು ಇನ್ನೊಬ್ಬನ ಜೊತೆ ಕೂಡಿಸುತ್ತಿದ್ದರು, ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಮ್ಮ ತಾತನ ಕಾಲಕ್ಕೆ ನಾಲ್ಕು ಎಕರೆ ನೀರಾವರಿ ಆಗಿ, ಹೆಂಚಿನ ಮನೆ ಎದ್ದು, ನಾವು ದೊಡ್ಡವರಾದೆವು. ದೊಡ್ಡವರಾದ ಕೂಡಲೇ ಮೊದಲು ಬಿಟ್ಟದ್ದು ಆ ಪದ್ಧತಿಯನ್ನು. ಆ ದೊಡ್ಡಸ್ತಿಕೆಯನ್ನು ಕಾವಲು ಕಾಯಲು ಬೂದಿಕೋಟೆಯಲ್ಲಿ ಅಪ್ಪನ ಅಕ್ಕ, ನಮ್ಮ ಚಿಕ್ಕತಾಯಮ್ಮತ್ತೆ ಇದ್ದಳು. ಅಪ್ಪ ಹೋದ ಮೇಲೆ ನಮ್ಮ ಮನೆಯ ಮರ್ಯಾದೆಯ ಉಸ್ತುವಾರಿ ಅವಳದೇ. ತಿಂಗಳಿಗೆರಡು ಭಾನುವಾರ ಬೆಳಗಿನ ಬಸ್ಸಿನಲ್ಲಿ ಬೆಣ್ಣೆ ಹಿಡಿದು ಬಂದು, ಊಟ ಮಾಡಿ, ನಮ್ಮೆಲ್ಲರನ್ನು ತಿದ್ದಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅಮ್ಮ ಅವಳೆದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

ನೇರವಾಗಿ ಕೇಳುವ ಧೈರ್ಯವಿಲ್ಲದವನಿಗೆ ಸಾಹಿತ್ಯವೇ ಗತಿ. ಆಗ ವಾರಪತ್ರಿಕೆಯಲ್ಲಿ ಹೊಸ ಕಾದಂಬರಿಯೊಂದು ಶುರುವಾಗಿತ್ತು. ಅದರಲ್ಲಿ ವತ್ಸಲೆ ಎಂಬ ಎಳೆಯ ವಿಧವೆ, ಅವಳನ್ನು ಮನಸಾರೆ ಮೆಚ್ಚಿದ ಒಬ್ಬ ಡಾಕ್ಟರು. ನನಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು. ಅಮ್ಮನಿಗೆ ಓದಲು ಬಾರದು. "ಅಮ್ಮ, ಬಲು ಚೆನ್ನಾಗಿರೋ ಕತೆ ಬತ್ತಾ ಐತೆ, ಓದಿ ಏಳ್ತೀನಿ ಕೇಳು" ಎಂದು ಶಿಫಾರಸು ಮಾಡಿದೆ. ವತ್ಸಲೆಯ ಮೇಲೆ ಅಮ್ಮನಿಗೆ ಕರುಣೆ ಹುಟ್ಟಲಿ, ಡಾಕ್ಟರನ ಮೇಲೆ ವಿಶ್ವಾಸ ಬೆಳೆಯಲಿ, ಇಬ್ಬರ ಮದುವೆಗೆ ಅವಳು ಕಣ್ಣೊರೆಸಿಕೊಳ್ಳುವ ಗಳಿಗೆಯಲ್ಲಿ ನಾರಾಯಣಪ್ಪನ ಮಾತು ಎತ್ತೋಣ ಎಂಬುದು ನನ್ನ ಹಂಚಿಕೆ. ಕಥೆ ಬರೆಯುವ ಮಹಾಶಯ ನನ್ನ ಹಂಚಿಕೆಗೆ ಒಪ್ಪಿದ್ದಾನೆಯೇ ಎಂದು ಯೋಚಿಸಲೇ ಇಲ್ಲ.

ಹಾಗೆ ಗುರುವಾರದ ಓದು ಮೊದಲಾಯಿತು. ದೀಪ ಹಚ್ಚುವ ಹೊತ್ತಿಗೆ ಅಮ್ಮ ಜಗಲಿಯ ಮೇಲೆ ಕೂರುತ್ತಿದ್ದಳು, ಜೊತೆಗೆ ಪಕ್ಕದ ಮನೆಯ ಇಬ್ಬರು ಹೆಂಗಸರು. ಅಕ್ಕ ಮಾತ್ರ ಹೊರಗೆ ಬರುತ್ತಿರಲಿಲ್ಲ. ಒಳಗೆ ಒರಳಲ್ಲಿ ಏನಾದರೂ ರುಬ್ಬುತ್ತಿರುತ್ತಿದ್ದಳು. ವತ್ಸಲೆಯ ಹೆಸರು ಬಂದ ಕೂಡಲೇ ಗುಂಡುಕಲ್ಲಿನ ಸದ್ದು ನಿಲ್ಲುತ್ತಿತ್ತು. ನಾನು ಓದುತ್ತಾ ಒಂದು ಕಿವಿಯನ್ನು ಅಮ್ಮನ ಉಸಿರಿನ ಕಡೆ, ಇನ್ನೊಂದನ್ನು ಒರಳಿನ ಕಡೆ ಇಟ್ಟುಕೊಂಡಿರುತ್ತಿದ್ದೆ. ಓದು ಮುಗಿದ ಮೇಲೆ ಪತ್ರಿಕೆ ಅಮ್ಮನ ಕೈಗೆ ಹೋಗಬೇಕು. ಅಕ್ಷರ ಬಾರದ ಅವಳು ಚಿತ್ರವನ್ನು ದೀಪದ ಹತ್ತಿರ ಹಿಡಿದು ಐದು ನಿಮಿಷ ನೋಡುತ್ತಿದ್ದಳು. ಆಮೇಲೆ ಅಭಿಪ್ರಾಯ.

ಆ ಅಭಿಪ್ರಾಯಕ್ಕಾಗಿ ನಾನು ಕಾಯುತ್ತಿದ್ದ ಹಾಗೆ ಪರೀಕ್ಷೆಯ ಫಲಿತಾಂಶಕ್ಕೂ ಕಾದಿರಲಿಲ್ಲ. ಒಂದು ವಾರ, "ಆ ಡಾಕ್ಟ್ರು ಒಳ್ಳೇವ್ನು. ಕಣ್ಣು ನೋಡುದ್ರೆ ಗೊತ್ತಾಯ್ತದೆ" ಎಂದಳು. ನನ್ನ ಎದೆ ಹಗುರವಾಯಿತು. ಮುಂದಿನ ಭಾನುವಾರವೇ ಅತ್ತೆ ಬಂದು, "ಆ ಮುಂಡೇದು ಡಾಕ್ಟ್ರ ಎದ್ರಿಗೆ ಯಾಕೆ ನಗ್ಬೇಕು ಅಂತೀನಿ" ಎಂದಳು. ಬೂದಿಕೋಟೆಯ ಮೇಷ್ಟರ ಮನೆಗೆ ಅದೇ ಪತ್ರಿಕೆ ಶನಿವಾರದ ಅಂಚೆಯಲ್ಲಿ ಬರುತ್ತಿತ್ತು. ಮೇಷ್ಟರ ಹೆಂಡತಿ ಓದಿ ಹೇಳುತ್ತಿದ್ದಳು. ಅತ್ತೆ ಮಾತು ಮುಗಿಸಿದ ಮೇಲೆ ಅಮ್ಮ, "ಅದೂ ನಿಜಾನೇ ಅತ್ತಿಗೆ" ಎಂದು ತಲೆ ಬಾಗಿಸಿದಳು. ಒಳಗೆ ಪಾತ್ರೆಯೊಂದು ನೆಲಕ್ಕೆ ಬಿತ್ತು. ಹೀಗೆ ತಕ್ಕಡಿ ಗುರುವಾರ ಒಂದು ಕಡೆಗೆ, ಭಾನುವಾರ ಇನ್ನೊಂದು ಕಡೆಗೆ ವಾಲುತ್ತಾ ನಾಲ್ಕು ತಿಂಗಳು ಕಳೆದವು. ಎಲ್ಲರೂ ವತ್ಸಲೆಯ ಬಗ್ಗೆ ಮಾತಾಡುತ್ತಿದ್ದೆವು. ಅಕ್ಕನ ಹೆಸರು ಒಮ್ಮೆಯೂ ಬರಲಿಲ್ಲ.

ಜ್ಯೇಷ್ಠ ಮಾಸದಲ್ಲಿ ಕಥೆ ಮುಕ್ತಾಯಕ್ಕೆ ಬಂತು. ಅದೇ ವಾರ ನಾರಾಯಣಪ್ಪ ಟೈಮ್ ಆಫೀಸಿಗೆ ಬಂದು ಕಿಟಕಿಯ ಸರಳು ಹಿಡಿದು ನಿಂತ. "ಸೀನ, ಇನ್ನ ತಡಿಯಕ್ಕಾಗಲ್ಲ. ನಮ್ಮಪ್ಪ ಬೇರೆ ಕಡೆ ಎಣ್ಣು ನೋಡವ್ರೆ. ಭಾನ್ವಾರ ಬಂದು ನಾನೇ ಅಮ್ಮನ್ನ ಕೇಳ್ಬಿಡ್ತೀನಿ. ಊಂ ಅಂದ್ರೆ ಸರಿ, ಇಲ್ಲಾಂದ್ರೆ ಅಪ್ಪ ಏಳ್ದಂಗೆ ಕೇಳ್ತೀನಿ" ಎಂದ. ಅಷ್ಟು ಉದ್ದದ ಮಾತನ್ನು ಅವನು ಅದಕ್ಕೆ ಮೊದಲು ಆಡಿರಲಿಲ್ಲ. ನಾನು ಲೆಕ್ಕ ಹಾಕಿದೆ. ಗುರುವಾರ ವತ್ಸಲೆಯ ಮದುವೆ, ಭಾನುವಾರ ನಾರಾಯಣಪ್ಪ. ನಡುವೆ ಎರಡು ದಿನ ಅಮ್ಮನ ಮನಸ್ಸು ಹಣ್ಣಾಗಲು. ಮುಹೂರ್ತ ಇಡುವವರೂ ಇಷ್ಟು ಚೆನ್ನಾಗಿ ಇಡಲಾರರು ಎಂದು ಬೆನ್ನು ತಟ್ಟಿಕೊಂಡೆ.

ಗುರುವಾರ ಸಂಜೆ ಪತ್ರಿಕೆ ಕೊಂಡು ಪ್ಲಾಟ್‌ಫಾರಂ ಮೇಲೆ ನಿಂತೇ ಓದಿದೆ. ಮೊದಲ ಪುಟದಲ್ಲಿ ಡಾಕ್ಟರು ಕೈ ನೀಡಿದ. ಎರಡನೆಯ ಪುಟದಲ್ಲಿ ವತ್ಸಲೆ ದೇವರ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟಳು. ಮೂರನೆಯ ಪುಟದಲ್ಲಿ ಕೆರೆಗೆ ಹಾರಿದಳು. ಮಹಾಶಯ ಅಷ್ಟಕ್ಕೇ ಬಿಡದೆ, ಕಳಂಕವಿಲ್ಲದ ಕಮಲದಂತೆ ಅವಳು ನೀರಿನಲ್ಲಿ ತೇಲಿದಳೆಂದು ಬರೆದಿದ್ದ. ನನಗೆ ಸಿಟ್ಟು ಬಂತು. ನಾಲ್ಕು ತಿಂಗಳು ನಮ್ಮ ಜಗಲಿಯಲ್ಲಿ ಕೂತು, ನಮ್ಮ ದೀಪದ ಎಣ್ಣೆ ಸುಟ್ಟು, ಕೊನೆಗೆ ಈ ಕೆಲಸ! ಇದನ್ನು ನಾನು ಅಮ್ಮನೆದುರು ಓದಬೇಕು. ಒರಳಿನ ಹತ್ತಿರ ಕುಳಿತ ಅಕ್ಕ ಕೇಳಬೇಕು. ನಮ್ಮ ಹಿತ್ತಿಲಲ್ಲಿ ಬಾವಿ ಬೇರೆ ಇತ್ತು.

ನಾಲ್ಕು ಫರ್ಲಾಂಗು ನಡೆಯುವಷ್ಟರಲ್ಲಿ ನಾನು ಕಾದಂಬರಿಕಾರನಾದೆ. ಅದಕ್ಕೆ ಮೊದಲು ಹಾಜರಿ ಪುಸ್ತಕ, ರಜೆ ಚೀಟಿ ಬಿಟ್ಟು ಬೇರೇನೂ ಬರೆದವನಲ್ಲ. ಜಗಲಿಯಲ್ಲಿ ಕುಳಿತು, ಅಚ್ಚಾದ ಸಾಲಿನ ಮೇಲೆ ಕಣ್ಣಾಡಿಸುತ್ತಾ, ಅಲ್ಲಿಲ್ಲದ ಕಥೆಯನ್ನು ಓದತೊಡಗಿದೆ. ವತ್ಸಲೆ ಚೀಟಿ ಬರೆದದ್ದು ನಿಜ, ಆದರೆ ಡಾಕ್ಟರಿಗೆ, ಒಪ್ಪಿಗೆಯೆಂದು. ಅವಳ ಮಾವನವರೇ ಮುಂದೆ ನಿಂತು ಧಾರೆ ಎರೆಸಿದರು. ಪುಟ ತಿರುಗಿಸಬೇಕಾದ ಕಡೆ ಮರೆತು, ಮರೆತದ್ದು ನೆನಪಾಗಿ ಎರಡು ಪುಟ ಒಟ್ಟಿಗೆ ತಿರುಗಿಸಿದೆ. ಪಕ್ಕದ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒರಳಿನ ಸದ್ದು ಇರಲೇ ಇಲ್ಲ. ಅಮ್ಮ ಪತ್ರಿಕೆಗೆ ಕೈ ನೀಡಿದಳು. ಚಿತ್ರ!

ಚಿತ್ರವನ್ನು ನಾನು ಮರೆತಿದ್ದೆ. ಅಕ್ಷರವನ್ನು ಬದಲಿಸಿ ಓದಬಹುದು, ಚಿತ್ರವನ್ನು ಏನು ಮಾಡುವುದು? ಕೆರೆಯ ಏರಿ, ಏರಿಯ ತುದಿಯಲ್ಲಿ ಬೆನ್ನು ತೋರಿಸಿ ನಿಂತ ಹೆಂಗಸು, ದೂರದಿಂದ ಕೈ ಚಾಚಿ ಓಡಿಬರುತ್ತಿರುವ ಡಾಕ್ಟರು. ಅಮ್ಮ ದೀಪದ ಹತ್ತಿರ ಹಿಡಿದು ನೋಡಿದಳು.

"ಇದ್ಯಾಕೆ ಕೆರೆ ತಾವ ನಿಂತವ್ಳೆ?"

"ಬೇತಮಂಗಲದ ಕೆರೆ ತರ ಐತಲ್ವಾ ಅಮ್ಮ? ಅದು ದಾಟುದ್ರೆ ಡಾಕ್ಟ್ರ ಊರು."

"ಅವ್ನು ಯಾಕೆ ಅಂಗೆ ಓಡ್ತಾವ್ನೆ?"

"ಬಸ್ಸು ಒಂಟೋಯ್ತದೆ ಅಂತ."

ಅಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಅಭಿಪ್ರಾಯ ಬರಲಿಲ್ಲ. "ಊಟಕ್ಕೇಳು" ಎಂದು ಪತ್ರಿಕೆಯನ್ನು ಗೂಡಿನಲ್ಲಿಟ್ಟು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಗೂಡಿನಲ್ಲಿ ಪತ್ರಿಕೆ ಇರಲಿಲ್ಲ. ಅಕ್ಕ ಲೋಯರ್ ಸೆಕೆಂಡರಿವರೆಗೆ ಓದಿದವಳು. ನಾನು ಗಾಬರಿಯಾಗಿ ಬಚ್ಚಲಿಗೆ ಓಡಿದೆ. ಅವಳು ಹಂಡೆಯ ಒಲೆಯ ಮುಂದೆ ಕುಳಿತು ಊದುಕೊಳವೆಯಿಂದ ಊದುತ್ತಿದ್ದಳು. ಸೌದೆಯ ನಡುವೆ ಕಾಗದದ ಕರಿ ಸುರುಳಿಗಳು. ನನ್ನ ಮುಖ ನೋಡದೆ, "ನೀರು ಕಾದೈತೆ, ಮಿಂದ್ಕ ಓಗು. ರೈಲಿಗೆ ಒತ್ತಾಯ್ತು" ಎಂದಳು. ಅಷ್ಟೆ. ಆ ದಿನ ರೈಲಿನಲ್ಲಿ ವತ್ಸಲೆಗಾಗಿ ಮೂರು ಭಾಷೆಯಲ್ಲೂ ಅತ್ತರು. ನನ್ನನ್ನೂ ಅಭಿಪ್ರಾಯ ಕೇಳಿದರು. ಹಲ್ಲು ನೋವು ಎಂದೆ.

ಇನ್ನುಳಿದದ್ದು ಬೂದಿಕೋಟೆ. ಶನಿವಾರದ ಅಂಚೆ ಮೇಷ್ಟರ ಮನೆಗೆ ತಲುಪದಿದ್ದರೆ ಸಾಕು, ಅತ್ತೆ ಈ ಭಾನುವಾರ ಬರದಿದ್ದರೆ ಸಾಕು ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ಭಾನುವಾರ ಬೆಳಿಗ್ಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಅತ್ತೆಯೂ ಬಂದಳು. ನಾರಾಯಣಪ್ಪ ಮಧ್ಯಾಹ್ನ ಬರುವವನು. ಅಷ್ಟು ಹೊತ್ತು ಅತ್ತೆಯ ಬಾಯಿಯನ್ನು ಬೇರೆ ವಿಷಯಗಳಿಂದ ತುಂಬಿಸಿಡಬೇಕು. ಬೆಣ್ಣೆ ಹೊಗಳಿದೆ. ಎಮ್ಮೆ ಹೇಗಿದೆ ಎಂದೆ. ಈ ಸಲ ಮಾವು ಹೇಗೆ, ಮಳೆ ಹೇಗೆ, ಸೊಸೆ ಹೇಗೆ ಎಂದೆ. ಸೊಸೆಯ ಮಾತಿನಿಂದ ಅರ್ಧ ಗಂಟೆ ದಕ್ಕಿತು. ಆಮೇಲೆ ಅತ್ತೆ ಎಲೆ ಅಡಿಕೆ ತಟ್ಟೆಯನ್ನು ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಆ ಉಡ್ಗಿ ಕೊನೆಗೂ ಮಾನ ಉಳಿಸ್ಕಂಡ್ಲು ಬಿಡು ಲಕ್ಷ್ಮಮ್ಮ."

"ಯಾವ ಉಡ್ಗಿ ಅತ್ತಿಗೆ?" ಎಂದಳು ಅಮ್ಮ.

"ಅದೇ, ನಿನ್ ಮಗ ಓದ್ತಾನಲ್ಲ, ಆ ಕತೆ ಉಡ್ಗಿ. ಕೆರೆಗೆ ಬಿದ್ಲಲ್ಲ! ನೆನ್ನೆ ಮೇಷ್ಟ್ರ ಎಂಡ್ತಿ ಓದುದ್ಲು. ನಂಗೆ ಕಣ್ಣಾಗೆ ನೀರು ಬಂದ್ಬುಡ್ತು. ಎಣ್ಣು ಅಂದ್ರೆ ಅಂಗಿರ್ಬೇಕು."

ಅಮ್ಮ ನನ್ನ ಕಡೆ ತಿರುಗಿದಳು. "ಏನ್ಲಾ ಸೀನ, ಮದ್ವೆ ಆಯ್ತು ಅಂದ್ಯಲ್ಲಾ?"

ನನಗೆ ಆಗ ಇಪ್ಪತ್ತಮೂರು ವರ್ಷ. ಐದು ವರ್ಷದವನಂತೆ ತಲೆ ತಗ್ಗಿಸಿದೆ. "ಅದು ನಾನೇ ಕಟ್ಟಿ ಏಳಿದ್ದಮ್ಮ. ಪುಸ್ತಕದಾಗೆ ಕೆರೆಗೇ ಬಿದ್ಲು" ಎಂದೆ.

"ಯಾಕ್ಲಾ?"

ಅಡಿಗೆ ಮನೆಯಿಂದ ಅಕ್ಕ ಬಂದಳು. ಒದ್ದೆ ಕೈಗಳನ್ನು ಒರೆಸಿಕೊಳ್ಳದೆ ಕಂಬದ ಪಕ್ಕ ನಿಂತಳು. "ನಾನೂ ಓದ್ದೆ ಅಮ್ಮ. ಓದಿ ಒಲೆಗಾಕ್ಬುಟ್ಟೆ. ನಂಗೆ ಸಾಯಕ್ಕೆ ಇಷ್ಟ ಇಲ್ಲ" ಎಂದಳು. ದನಿ ನಡುಗಲಿಲ್ಲ.

ಅತ್ತೆಯ ಕೈಯಲ್ಲಿ ಎಲೆ ಹಾಗೆಯೇ ಇತ್ತು. ಈಗ ಅಮ್ಮ "ಅದೂ ನಿಜಾನೇ ಅತ್ತಿಗೆ" ಎನ್ನುತ್ತಾಳೆ ಎಂದುಕೊಂಡೆ. ಅವಳು ಹಾಗೆಂದರೆ ಎಲ್ಲವೂ ಮುಗಿದಂತೆ.

"ಮಾನ ಉಳಿಸ್ಕಂಡ್ಲಾ ಅತ್ತಿಗೆ?" ಎಂದಳು ಅಮ್ಮ. ದನಿ ಎತ್ತಿರಲಿಲ್ಲ. "ಇವ್ಳು ಗಂಡನ್ನ ಕಳ್ಕಂಡು ಬಂದಾಗ ನಾಕು ತಿಂಗ್ಳು ಇವ್ಳ ಸೆರಗ್ಗೂ ನನ್ ಸೆರಗ್ಗೂ ಗಂಟಾಕಿ ಮಲಗ್ತಿದ್ದೆ. ಬಾವಿ ಅಗ್ಗ ಬಿಚ್ಚಿ ಅಕ್ಕಿ ವಾಡೆ ಒಳಗೆ ಬಚ್ಚಿಟ್ಟಿದ್ದೆ. ನೀರು ಬೇಕಾದ್ರೆ ನಾನೇ ಅಗ್ಗ ಕಟ್ಟಿ ಸೇದಿ, ತಿರ್ಗಾ ಬಿಚ್ಚಿಕ್ತಿದ್ದೆ. ನಾಕು ತಿಂಗ್ಳು ಅತ್ತಿಗೆ! ಅಂಗೆ ಉಳಿಸ್ಕಂಡಿರೋ ಎಣ್ಣನ್ನ ಅವ್ನ್ಯಾವನೋ ಒಂದು ಸಾಲ್ನಾಗೆ ತಳ್ಬುಟ್ನಾ? ನೀನು ಅದನ್ನ ಕೇಳಿ ಚೆಂದ ಐತೆ ಅಂತೀಯಾ?"

ಆ ಹಗ್ಗದ ವಿಷಯ ನನಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿದ್ದೆ, ಅದೇ ಬಾವಿಯ ನೀರು ಕುಡಿಯುತ್ತಿದ್ದೆ. ಅಮ್ಮನ ಮನಸ್ಸು ತಿಳಿಯಲು ಊರಾಚೆಯ ಲೇಖಕನೊಬ್ಬನನ್ನು ನಾಲ್ಕು ತಿಂಗಳು ಬೇಹುಗಾರಿಕೆಗೆ ಕಳಿಸಿದ್ದೆನೇ ಹೊರತು, ಎದುರಿಗೆ ಕುಳಿತು "ಅಮ್ಮ, ನಿಂಗೇನನ್ಸುತ್ತೆ?" ಎಂದು ಒಂದು ದಿನವೂ ಕೇಳಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು. ಅಳುವೂ ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿದೆ.

ಅತ್ತೆ ಎದ್ದು ಸೀರೆ ಕೊಡವಿಕೊಂಡು, "ನಾನು ಬಸ್ಸಿಗೋಗ್ತೀನಿ" ಎಂದಳು. ಬಸ್ಸು ಸಂಜೆಗಿತ್ತು. "ಉಣ್ಣದೆ ಎಲ್ಲಿಗೋಗ್ತಿ, ಕೂತ್ಕ ಅತ್ತಿಗೆ" ಎಂದಳು ಅಮ್ಮ. ಅತ್ತೆ ಕುಳಿತಳು.

ನಾರಾಯಣಪ್ಪ ಈ ಗಳಿಗೆಯನ್ನೇ ಆರಿಸಿಕೊಂಡು ಬರಬೇಕೆ? ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಮಾವಿನ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತ. ದಾರಿಯುದ್ದಕ್ಕೂ ಉರು ಹಾಕಿಕೊಂಡು ಬಂದ ಮಾತು ನಮ್ಮ ನಾಲ್ವರ ಮುಖ ಕಂಡು ಹಾರಿಹೋಗಿತ್ತೆಂದು ಕಾಣುತ್ತದೆ. ಅಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವನು ಯಾಕೆ ಬಂದಿದ್ದಾನೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೆಂದು ಆಗ ನನಗೆ ಹೊಳೆಯಿತು.

"ಏನಪ್ಪಾ, ನೀನು ಆ ವತ್ಸಲೆ ಕತೆ ಓದಿದ್ಯಾ?"

ಅವನು ಪರೀಕ್ಷೆಗೆ ಸಿಕ್ಕವನಂತೆ ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಿದೆ. "ಇಲ್ಲಮ್ಮ. ನಂಗೆ ಕತೆ ಓದೋ ಅಭ್ಯಾಸ ಇಲ್ಲ" ಎಂದ, ತಪ್ಪು ಒಪ್ಪಿಕೊಳ್ಳುವವನ ಹಾಗೆ.

"ಒಳ್ಳೇದಾಯ್ತು. ಓದ್ಬೇಡ. ಕೈಕಾಲು ತೊಳ್ಕಂಡು ಬಾ, ಊಟಕ್ಕೆ."

ಊಟಕ್ಕೆ ಕುಳಿತೆವು. ಅತ್ತೆ ಮುದ್ದೆಯನ್ನು ಬೆರಳಲ್ಲಿ ಆಡಿಸುತ್ತಿದ್ದಳು. ಅಕ್ಕ ಬಡಿಸುವಾಗ ನಾರಾಯಣಪ್ಪ ಸಾರನ್ನು ಬೇಡವೆಂದು ಹೇಳಲಾಗದೆ ಮೂರು ಸಲ ಹಾಕಿಸಿಕೊಂಡ. ಊಂ ಅಥವಾ ಊಹೂಂ, ಎರಡರಲ್ಲಿ ಒಂದೂ ಅಮ್ಮನ ಬಾಯಿಂದ ಬಂದಿರಲಿಲ್ಲ. ಊಟಕ್ಕೆ ಕೂರಿಸುವುದು ಬೇರೆ, ಮಗಳನ್ನು ಕೊಡುವುದು ಬೇರೆ. ಎಲೆ ಎತ್ತಿದ ಮೇಲೆ ಅಮ್ಮ ಜಗಲಿಗೆ ಬಂದು ಕುಳಿತು, "ಸೀನ, ಕಾಗ್ದ ಪೆನ್ನು ತಗಂಬಾ. ಆ ಪತ್ರಿಕೆನೋರಿಗೆ ನಾನೊಂದು ಬರೆಸ್ಬೇಕು. ಅದ್ರಾಗೆ ಓದೋರ ಅಭಿಪ್ರಾಯ ಅಂತ ಆಕ್ತಾರಲ್ಲ, ಅಲ್ಲಿಗೆ" ಎಂದಳು.

ನಾನು ಬರೆಯಲು ಕುಳಿತೆ. ಪಕ್ಕದಲ್ಲಿ ಅತ್ತೆ, ಮೆಟ್ಟಿಲ ಮೇಲೆ ನಾರಾಯಣಪ್ಪ. ಅಕ್ಕ ಒಳಗೆ ಹೋಗಲಿಲ್ಲ. ಗುರುವಾರದ ಅಷ್ಟು ಓದುಗಳಲ್ಲಿ ಒಮ್ಮೆಯೂ ಹೊರಗೆ ಬಾರದವಳು ಅಂದು ಜಗಲಿಯ ಮೇಲೆ, ಅಮ್ಮನ ಪಕ್ಕದಲ್ಲೇ ಕುಳಿತಳು.

"ಬರಿ. ಸ್ವಾಮಿ, ನಿಮ್ ಕತೆ ನಾಕು ತಿಂಗ್ಳಿಂದ ಕೇಳಿದ್ವಿ. ಚೆನ್ನಾಗೇ ಇತ್ತು. ಕಡೇಗೆ ನೀವು ಮಾಡಿದ್ದು ನಮಗೆ ಒಪ್ಪಿಗೆ ಇಲ್ಲ. ನಿಮಗೆ ಬರೆಯಕ್ಕೆ ಬೇಜಾರಾಗಿದ್ರೆ ಅಲ್ಲಿಗೇ ನಿಲ್ಲಿಸ್ಬೋದಿತ್ತು, ಅವ್ಳನ್ನ ಯಾಕೆ ಸಾಯಿಸ್ಬೇಕಿತ್ತು. ಬರೆದ್ಯಾ?"

"ಬರ್ದೆ."

"ಬಂಗಾರಪೇಟೆನಾಗೆ ನಮ್ಮನೇಲಿ ಮುಂದಿನ್ ತಿಂಗ್ಳು ನನ್ ಮಗಳ ಮದ್ವೆ ಐತೆ. ಗಂಡು ಬೇತಮಂಗಲದೋನು. ನೀವು ಬಂದು, ನೋಡಿ, ಉಂಡ್ಕಂಡು ಓಗಿ. ಆಮೇಲೆ ಇನ್ನೊಂದು ಕತೆ ಬರೀರಿ."

ಮದುವೆ ಎಂಬ ಮಾತಿಗೆ ಬಂದಾಗ ನನ್ನ ಪೆನ್ನು ನಿಂತುಬಿಟ್ಟಿತು. ನಾರಾಯಣಪ್ಪ ಮೆಟ್ಟಿಲಿನಿಂದ ಅರ್ಧ ಎದ್ದವನು, ಏಳಬೇಕೋ ಕೂರಬೇಕೋ ತಿಳಿಯದೆ ಹಾಗೇ ಇದ್ದ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಮ್ಮನ ತೊಡೆಯ ಮೇಲೆ ಮುಖ ಇಟ್ಟಳು. ನಾವೆಲ್ಲರೂ ಅತ್ತೆಯ ಕಡೆ ನೋಡಿದೆವು.

ಅತ್ತೆ ಜಗಲಿಯ ತುದಿಗೆ ಹೋಗಿ ಎಲೆ ಅಡಿಕೆ ಉಗಿದು, ಬಾಯಿ ಒರೆಸಿಕೊಂಡು ಬಂದು, ಕಾಗದದ ಮೇಲೆ ಬೆರಳಿಟ್ಟಳು.

"ಅದೇನೇ ಮುಂದಿನ್ ತಿಂಗ್ಳು ಅಂತ ಬರೆಸ್ತೀಯ, ಬುದ್ಧಿ ಇಲ್ದೋಳು. ಮುಂದಿನ್ ತಿಂಗ್ಳು ಆಷಾಢ. ಶ್ರಾವಣ ಅಂತ ಬರೆಸು."

ನಾನು ಹೊಡೆದುಹಾಕಿ, ಶ್ರಾವಣ ಎಂದು ಬರೆದೆ.